ಹೊಸ್ತಿಲಲ್ಲಿ ಗೀರು

ಅವ್ವ ಕಾರು ಹತ್ತಲಿಲ್ಲ.

ರಾತ್ರಿ ಎಂಟು ಗಂಟೆ. ಬಳ್ಳಾರಿ ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಕರೆಂಟು ಹೋಗಿತ್ತು. ನಾನು ರಿಮೋಟ್ ಒತ್ತಿ ಎಡಗಡೆಯ ಬಾಗಿಲು ತೆಗೆದೆ. ಬಾಗಿಲ ಕೆಳಗಿನ ಪಟ್ಟಿ ಬೆಳಗಿತು. ಬಿಳಿ ಬೆಳಕು, ಅದರಲ್ಲಿ ಒಂಚೂರು ನೀಲಿ. ನಡುವೆ ಇಂಗ್ಲಿಷಿನ ಎರಡು ಅಕ್ಷರ, ಜಿಟಿ. ಎದುರುಮನೆಯ ಕಟ್ಟೆ ಮೇಲೆ ಕೂತಿದ್ದ ಹುಡುಗರು ಎದ್ದು ಬಂದರು. "ಅಕ್ಕಾ, ಇನ್ನೊಂದ್ಸಲ ಹಾಕಿ ತೆಗೀರಿ" ಅಂದರು. ಅವ್ವ ಮಾತ್ರ ಸೀರೆಯ ನೆರಿಗೆ ಹಿಡಿದುಕೊಂಡು ಅಲ್ಲೇ ನಿಂತಳು.

"ಹೊಸ್ತಿಲ ಮೇಲೆ ಅಕ್ಷರ ಬರೆಸೀಯಲ್ಲೇ. ನಾನು ಕಾಲು ಎಲ್ಲಿಡ್ಲಿ?"

"ಅದು ಹೊಸ್ತಿಲಲ್ಲವ್ವಾ, ಸಿಲ್ ಪ್ಲೇಟ್."

"ಬಾಗಿಲ ಕೆಳಗೆ ಇರೋದು ಹೊಸ್ತಿಲಲ್ದೆ ಇನ್ನೇನು?"

ಡಿಕ್ಷನರಿ ತೆಗೆದು ನೋಡಿದ್ದರೂ ಅವ್ವನೇ ಗೆಲ್ಲುತ್ತಿದ್ದಳು. ಇಂಗ್ಲಿಷಿನವರೂ ಅದಕ್ಕೆ ಹೊಸ್ತಿಲು ಅಂತಲೇ ಹೆಸರಿಟ್ಟಿದ್ದಾರೆ. ಕೊನೆಗೆ ಅವಳು ಬಗ್ಗಿ ಆ ಪಟ್ಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸೀಟಿಗೆ ಕೈ ಊರಿ, ಪಟ್ಟಿಗೆ ತಾಗದ ಹಾಗೆ ಎರಡೂ ಕಾಲನ್ನು ಎತ್ತಿ ಒಳಗಿಟ್ಟಳು. ಅರವತ್ತೆಂಟು ವರ್ಷದ ಹೆಂಗಸಿಗೆ ಈ ಕಸರತ್ತು ಬೇಕಿತ್ತಾ ಅಂತ ನನಗೆ ನಾಚಿಕೆಯಾಯಿತು. ಆದರೂ ಪ್ಲೇಟ್ ತೆಗೆಸಲಿಲ್ಲ. ಇಷ್ಟಪಟ್ಟು ಹಾಕಿಸಿದ್ದು.

ಆ ಇಷ್ಟ ಹಳೆಯದು. ಗಣಿಯ ದುಡ್ಡು ಬಳ್ಳಾರಿಯಲ್ಲಿ ಹರಿಯುತ್ತಿದ್ದ ಕಾಲದ್ದು. ನಾನಾಗ ಕಾಲೇಜಿನಲ್ಲಿದ್ದೆ. ಅಪ್ಪ ಬಡಗಿ. ಊರ ಹೊರಗೆ ಯಾರದೋ ದೊಡ್ಡ ಮನೆಗೆ ತೇಗದ ಬಾಗಿಲು ಕೂರಿಸುತ್ತಿದ್ದ. ಮಧ್ಯಾಹ್ನ ಬುತ್ತಿ ಕೊಡಲು ಹೋದವಳು ಕೆಲಸ ಮುಗಿಯಲಿ ಅಂತ ಕಾಯುತ್ತಾ ಸಂಜೆಯಾಯಿತು. ಮಬ್ಬುಗತ್ತಲಲ್ಲಿ ಒಂದು ವಿದೇಶಿ ಕಾರು ಬಂದು ನಿಂತಿತು. ಬಾಗಿಲು ತೆರೆಯಿತು. ಕೆಳಗೆ ಅಕ್ಷರಗಳು ಬೆಳಗಿದವು. ಇಳಿದವರು ಆ ಕಡೆ ನೋಡಲೂ ಇಲ್ಲ, ತುಳಿದು ಹೋದರು. ನನಗೆ ಮಾತ್ರ ಅದು ಕಣ್ಣಲ್ಲೇ ಉಳಿಯಿತು. ಕಾರಿನ ಹೆಸರು ಮರೆತಿದೆ, ಬಣ್ಣ ಮರೆತಿದೆ. ಬಾಗಿಲು ತೆರೆದಾಗ ಮಾತ್ರ ಕಾಣುವ, ಮುಚ್ಚಿದರೆ ಇಲ್ಲವೇ ಇಲ್ಲ ಅನ್ನಿಸುವ ಆ ಬೆಳಕು ಮರೆತಿಲ್ಲ. ದಾರಿಯಲ್ಲಿ ಅಪ್ಪನಿಗೆ ಹೇಳಿದೆ. "ಬೆಳಕು ನಾನು ನೋಡ್ಲಿಲ್ಲವ್ವ. ಬಾಗಿಲು ಎಷ್ಟು ಚಂದ ಕೂತೈತೆ ನೋಡ್ದೆ. ಸಂದಿನಾಗೆ ಉಗುರು ಹೋಗಲ್ಲ" ಅಂದ.

ಆಮೇಲೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ಕೆಲಸ ನಿಲ್ಲಿಸಿತು. ಅದಿರು ಲಾರಿಗಳ ಸಾಲು ಕರಗಿತು. ತೇಗದ ಬಾಗಿಲ ಆರ್ಡರುಗಳೂ ಕರಗಿದವು. ಅದು ಬೇರೆ ಕತೆ.

ನಾನು ಬ್ಯಾಂಕಿನಲ್ಲಿ ಕೆಲಸ ಹಿಡಿದು, ಸಾಲ ತೀರಿಸಿ, ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಿದ್ದು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಪುಣೆಯ ಹತ್ತಿರದ ಚಾಕಣ್‌ನಲ್ಲಿ ತಯಾರಾದ ಗಾಡಿ. 1.2 ಲೀಟರಿನ ಚಿಕ್ಕ ಟರ್ಬೊ ಇಂಜಿನ್, 105 ಕುದುರೆಶಕ್ತಿ, ತಾನೇ ಗೇರು ಬದಲಿಸುವ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಸಾಧಾರಣ ಪೋಲೋ. ಹೊಸಪೇಟೆ ಹೈವೇಯಲ್ಲಿ ಲಾರಿ ದಾಟುವಾಗಷ್ಟೇ ಗೊತ್ತಾಗುತ್ತದೆ. 2022ರಲ್ಲಿ ಪೋಲೋವನ್ನೇ ಇಲ್ಲಿ ತಯಾರಿಸುವುದು ನಿಂತಿತು. ಇದರ ಅಣ್ಣನಂಥ ಪೋಲೋ ಜಿಟಿಐ 2016ರಲ್ಲಿ ನಮ್ಮ ದೇಶಕ್ಕೆ ಬಂದಿತ್ತು. ಮಾರಾಟಕ್ಕೆ ಇಟ್ಟಿದ್ದೇ 99 ಗಾಡಿ. ಅದಕ್ಕೆ ಪಕ್ಕಕ್ಕೆ ಒಂದೊಂದೇ ಬಾಗಿಲು. ಅಂದರೆ ಹೊಸ್ತಿಲೂ ಉದ್ದ. ಅದನ್ನು ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ.

ಗಾಡಿ ತಂದ ದಿನ ಕನಕ ದುರ್ಗಮ್ಮನ ಗುಡಿಗೆ ಹೋದೆವು. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಹಾರ. ಅವ್ವ ಬಾಗಿಲು ತೆಗೆಸಿ ಕೆಳಗಿನ ಕಪ್ಪು ಪ್ಲಾಸ್ಟಿಕ್ಕಿಗೂ ಅರಿಶಿನ ಕುಂಕುಮ ಹಚ್ಚಿದ್ದಳು. ನಾನಾಗ ಅದನ್ನು ಗಮನಿಸಲಿಲ್ಲ. ಈಗ ನೆನಪಾಗುತ್ತದೆ.

ಆ ಕಪ್ಪು ಪ್ಲಾಸ್ಟಿಕ್ ಇರುವುದೇ ತುಳಿಸಿಕೊಳ್ಳಲು. ಹತ್ತಿ ಇಳಿಯುವಾಗ ಬೂಟಿನ ಹಿಮ್ಮಡಿ ಅಲ್ಲಿಗೇ ತಾಗುತ್ತದೆ. ಬರಿಯ ಬಣ್ಣವಾದರೆ ವರ್ಷದಲ್ಲಿ ಕಿತ್ತು ಹೋಗುತ್ತದೆ. ಹಳೆಯ ಕಾರುಗಳಲ್ಲಿ ಗೆರೆಗೆರೆಯ ಅಲ್ಯುಮಿನಿಯಂ ಪಟ್ಟಿ ಇರುತ್ತಿತ್ತು. ಈಗ ಪ್ಲಾಸ್ಟಿಕ್. ಅದರ ಮೇಲೆ ಅಂದಕ್ಕೆ ಸ್ಟೀಲಿನ ಪಟ್ಟಿ, ದುಬಾರಿ ಗಾಡಿಗಳಲ್ಲಿ ಬೆಳಕು. ನಮ್ಮೂರಲ್ಲಿ ಈ ಪಟ್ಟಿಗೆ ಕೆಲಸ ಸ್ವಲ್ಪ ಜಾಸ್ತಿ. ಗಣಿಗಳಿರುವ ಸಂಡೂರಿನ ಕಡೆ ಹೋಗಿ ಬಂದರೆ ಕೆಂಪು ಧೂಳು ಚಪ್ಪಲಿಯಲ್ಲೇ ಬರುತ್ತದೆ. ಬೇರೆ ಊರಿನ ಧೂಳು ಒರೆಸಿದರೆ ಹೋಗುತ್ತದೆ. ನಮ್ಮದು ಬಟ್ಟೆಗೂ ಬಣ್ಣ ಕೊಟ್ಟು ಹೋಗುತ್ತದೆ.

ಮೊದಲು ಆನ್‌ಲೈನಿನಲ್ಲಿ ತರಿಸಿದ್ದು ಸೆಲ್ ಹಾಕುವ ಪ್ಲೇಟು. ವೈರಿನ ಗೋಜಿಲ್ಲ, ಅಂಟಿಸಿದರೆ ಆಯಿತು. ಬಾಗಿಲ ಅಂಚಿಗೆ ಒಂದು ಪುಟ್ಟ ಮ್ಯಾಗ್ನೆಟ್ ಅಂಟಿಸಬೇಕು. ಅದು ಹತ್ತಿರ ಇದ್ದರೆ ದೀಪ ಆರಿರುತ್ತದೆ. ಬಾಗಿಲು ತೆರೆದು ಮ್ಯಾಗ್ನೆಟ್ ದೂರ ಹೋದರೆ ಹೊತ್ತುತ್ತದೆ. ಎಷ್ಟು ಸರಳ ಅಲ್ವಾ? ಸ್ಪಿರಿಟ್ ಹಚ್ಚಿ ಒರೆಸಿ ಅಂಟಿಸಿದೆ. ಇಂಥ ಟೇಪಿಗೆ ಪೂರ್ತಿ ಹಿಡಿತ ಬರಲು ಸುಮಾರು 72 ಗಂಟೆ ಬೇಕು ಅಂತ ಓದಿ, ಮೂರು ದಿನ ಆ ಬಾಗಿಲುಗಳನ್ನೂ ಮುಟ್ಟಲಿಲ್ಲ.

ಏಪ್ರಿಲ್ ಬಂತು. ಬ್ಯಾಂಕಿನ ಹೊರಗೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂಥ ಟೇಪು ತಾನೆ ನಿಲ್ಲುತ್ತದೆ? ಒಂದು ಮಧ್ಯಾಹ್ನ ಮ್ಯಾಗ್ನೆಟ್ ಜಾರಿ ಬಿತ್ತು. ದೀಪಕ್ಕೆ ಬಾಗಿಲು ತೆರೆದೇ ಇದೆ ಅನ್ನಿಸಿತು. ಮುಚ್ಚಿದ ಬಾಗಿಲ ಹಿಂದೆ ಒಂದು ಹಗಲು ಒಂದು ರಾತ್ರಿ ಉರಿದು ಸೆಲ್ ಸತ್ತಿತು. ಮ್ಯಾಗ್ನೆಟ್ ಎಲ್ಲಿ ಅಂತ ಹುಡುಕಿದರೆ ಕಾಲು ಹಾಸಿನ ಮೂಲೆಯಲ್ಲಿ ಬಿದ್ದಿತ್ತು. ಮೈತುಂಬ ಕರಿ ಗಡ್ಡ. ಚಿಕ್ಕವರಿದ್ದಾಗ ಹಳೆ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಮಣ್ಣಲ್ಲಿ ಎಳೆದಾಡುತ್ತಿದ್ದೆವು. ಕಬ್ಬಿಣದ ಹರಳು ಹೀಗೇ ಹತ್ತುತ್ತಿತ್ತು. ಯಾರ ಹತ್ತಿರ ದೊಡ್ಡ ಗಡ್ಡ ಅಂತ ಪಂದ್ಯ. ನಲವತ್ತರ ಹತ್ತಿರ ಬಂದವಳು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಗಡ್ಡ ನೋಡುತ್ತಾ ಐದು ನಿಮಿಷ ಕಳೆದೆ.

ಎರಡನೇ ಸಲ ವೈರಿನದ್ದೇ ಬೇಕು ಅಂತ ಒಂದು ಆಕ್ಸೆಸರಿ ಅಂಗಡಿಗೆ ಹೋದೆ. "ಸಾರ್ ಬಂದಿಲ್ವಾ ಮೇಡಂ?" ಅಂದರು. ಯಾವ ಸಾರ್? ಗಾಡಿ ನಂದು, ಆಸೆ ನಂದು. ಸುಮ್ನೆ ನಕ್ಕೆ.

ಹಳೆ ಗಾಡಿಗಳಲ್ಲಿ ಬಾಗಿಲ ಕಂಬದ ಮೇಲೆ ಒಂದು ಗುಂಡಿ ಇರುತ್ತಿತ್ತು, ಬೆರಳಲ್ಲಿ ಒತ್ತಿ ಒಳಗಿನ ದೀಪ ಆರಿಸಬಹುದಿತ್ತು. ನನ್ನ ಗಾಡಿಯಲ್ಲಿ ಆ ಗುಂಡಿ ಬಾಗಿಲ ಬೀಗದ ಹೊಟ್ಟೆಯೊಳಗೇ ಇದೆ. ಅದಕ್ಕೇ ಅಂಗಡಿಯ ಹುಡುಗ ಚಾವಣಿ ದೀಪದಿಂದ ವೈರು ತಂದ. ಕಂಬದ ಒಳಗಿಂದ ಇಳಿಸಿ, ಕೆಳಗಿನ ಪ್ಲಾಸ್ಟಿಕ್ಕಿನ ಕ್ಲಿಪ್ಪು ಎಬ್ಬಿಸಿ, ಅದರಡಿ ಹಾಯಿಸಿದ. ಸೀಟಿನ ಹತ್ತಿರ ಹಳದಿ ಕನೆಕ್ಟರ್ ಕಂಡಾಗ ನಾನು ಕೂಗಿಬಿಟ್ಟೆ. ಹಳದಿ ಅಂದರೆ ಏರ್‌ಬ್ಯಾಗಿನ ಸಾಲು, ಅದಕ್ಕೆ ಕೈ ಹಾಕಬಾರದು. "ಗೊತ್ತೈತಕ್ಕಾ" ಅಂದ. ಗೊತ್ತಿತ್ತು ಕೂಡ. ಆದರೆ ವೈರು ಮಾತ್ರ ಕ್ಲಿಪ್ಪಿನ ಕೆಳಗೆ ಸಿಕ್ಕಿ ನಜ್ಜಾಗಿ, ವಾರದಲ್ಲಿ ಫ್ಯೂಸು ಹೋಯಿತು. ಮತ್ತೆ ಬಿಚ್ಚಿ, ಮತ್ತೆ ಹಾಕಿ, ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಟ್ಟ.

ಚಾವಣಿ ದೀಪದಿಂದ ತಂದಿದ್ದಕ್ಕೆ ಎರಡು ವಿಚಿತ್ರ ಆದವು. ಬಾಗಿಲು ಹಾಕಿದ ಕೂಡಲೇ ಆ ದೀಪ ಫಕ್ಕನೆ ಆರುವುದಿಲ್ಲ. ಸ್ವಲ್ಪ ಹೊತ್ತು ನಿಂತು ಮೆಲ್ಲಗೆ ಆರುತ್ತದೆ. ಪ್ಲೇಟೂ ಹಾಗೇ, ಎಣ್ಣೆ ತೀರಿದ ದೀಪದ ಥರ. ಇನ್ನೊಂದು, ಯಾವ ಒಂದು ಬಾಗಿಲು ತೆಗೆದರೂ ನಾಲ್ಕೂ ಪ್ಲೇಟು ಬೆಳಗುತ್ತವೆ. ಮೂರು ಮುಚ್ಚಿದ ಬಾಗಿಲ ಅಡಿಯಲ್ಲಿ ಯಾರಿಗೂ ಕಾಣದೆ ಬೆಳಗುತ್ತಿರುತ್ತವೆ. ಹುಡುಗ ಅದನ್ನು ತಪ್ಪು ಅಂದುಕೊಂಡು, ಬೇರೆ ಬೇರೆ ಮಾಡಿಕೊಡಲಾ ಅಂತ ಕೇಳಿದ. ಬೇಡ ಅಂದೆ.

ಪ್ಲೇಟನ್ನು ಮಾತ್ರ ಅಂಗಡಿಯದ್ದು ಹಾಕಿಸಲಿಲ್ಲ. ಬೆಂಗಳೂರು ರೋಡಿನ ಹತ್ತಿರದ ಒಂದು ಗಲ್ಲಿಯಲ್ಲಿ ಮನೆಗಳಿಗೆ ಅಕ್ರಿಲಿಕ್ ನಾಮಫಲಕ ಮಾಡುವವರಿದ್ದಾರೆ. ಅವರ ಹತ್ತಿರ ಅಳತೆ ಕೊಟ್ಟು ಮಾಡಿಸಿದೆ. ಪಾರದರ್ಶಕ ಅಕ್ರಿಲಿಕ್ ಹಲಗೆ, ಸುತ್ತ ತೆಳು ಸ್ಟೀಲು, ಒಂದು ಅಂಚಿನಲ್ಲಿ ಎಲ್ಇಡಿ ಪಟ್ಟಿ, ಹಲಗೆಯಲ್ಲಿ ಲೇಸರಿನಿಂದ ಕೆತ್ತಿದ ಅಕ್ಷರ. ಅಲ್ಲಿ ನಿಂತು ನೋಡುವಾಗ ನನಗೆ ಮೊದಲ ಸಲ ಅರ್ಥವಾಗಿದ್ದು, ಅಕ್ಷರ ಯಾಕೆ ಹೊಳೆಯುತ್ತದೆ ಅಂತ.

ಕೆತ್ತುವ ಮೊದಲು ಅವರು ಬರಿಯ ಹಲಗೆಗೆ ದೀಪ ಹಿಡಿದು ತೋರಿಸಿದರು. ಏನೂ ಇಲ್ಲ. ಅಂಚಿನಿಂದ ಒಳಗೆ ಹೋದ ಬೆಳಕು ಮುಖದಲ್ಲೆಲ್ಲೂ ಕಾಣುವುದಿಲ್ಲ, ಇನ್ನೊಂದು ಅಂಚಿನಲ್ಲಿ ಹೋಗಿ ಏಳುತ್ತದೆ. ಶಾಲೆಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ಇದೇ. ಅಕ್ರಿಲಿಕ್‌ನ ಒಳಗಿಂದ ಮೇಲ್ಮೈಗೆ ಬರುವ ಬೆಳಕು, ನೆಟ್ಟಗೆ ನಿಂತ ಗೆರೆಯಿಂದ ಸುಮಾರು 42 ಡಿಗ್ರಿಗಿಂತ ಜಾಸ್ತಿ ವಾಲಿದ್ದರೆ ಹೊರಗೆ ದಾಟುವುದಿಲ್ಲ, ಪುಟಿದು ಒಳಕ್ಕೇ ಮರಳುತ್ತದೆ. (42 ಅಂದರೆ ನಮ್ಮ ಮೇ ತಿಂಗಳ ಬಿಸಿಲಿನ ಅಂಕಿ. ಬಳ್ಳಾರಿಯವರು ಮರೆಯುವ ಹಾಗೇ ಇಲ್ಲ.) ಹೀಗೆ ಮೇಲೆ ಕೆಳಗೆ ಪುಟಿಯುತ್ತಾ ಬೆಳಕು ಹಲಗೆಯೊಳಗೇ ಓಡುತ್ತದೆ. ತುಂಗಭದ್ರೆಯ ಎಚ್‌ಎಲ್‌ಸಿ, ಅಂದರೆ ಮೇಲ್ಮಟ್ಟದ ಕಾಲುವೆ ನೋಡಿದವರಿಗೆ ಇದು ಗೊತ್ತು. ನೀರು ತನ್ನ ಪಾಡಿಗೆ ದಡದ ನಡುವೆ ಹೋಗುತ್ತಿರುತ್ತದೆ. ಪಕ್ಕದ ಹೊಲ ಒಣಗಿಯೇ ಇರುತ್ತದೆ. ತೂಬು ಇಟ್ಟ ಕಡೆ ಮಾತ್ರ ಹೊರಗೆ ಬರುತ್ತದೆ.

ಆ ತೂಬೇ ಗೀರು. ಮೇಲ್ಮೈ ಎಲ್ಲಿ ಒರಟಾಗುತ್ತದೋ ಅಲ್ಲಿ ಬೆಳಕಿನ ಲೆಕ್ಕ ತಪ್ಪುತ್ತದೆ, ಹೊರಗೆ ಬಂದುಬಿಡುತ್ತದೆ. ಲೇಸರ್ ಮಾಡಿದ್ದು ಅಷ್ಟೇ. ಜಿಟಿ ಅನ್ನುವ ಆಕಾರದಲ್ಲಿ ಹಲಗೆಯನ್ನು ಗೀರಿತು. ನಾನು ದುಡ್ಡು ಕೊಟ್ಟಿದ್ದು ಅಚ್ಚುಕಟ್ಟಾದ ಒಂದು ಗೀರಿಗೆ.

ಇನ್ನು ಆ ಬಿಳಿ ಬೆಳಕು. ಅದರ ಬೇರು ನೀಲಿ. ನೀಲಿ ಎಲ್ಇಡಿಯ ಮೇಲೆ ಫಾಸ್ಫರ್ ಅನ್ನುವ, ಹಳದಿಯಾಗಿ ಹೊಳೆಯುವ ಪುಡಿ ಲೇಪಿಸಿದರೆ ಬಿಳಿ ಆಗುತ್ತದೆ. ಕೆಂಪು, ಹಸಿರು ಎಲ್ಇಡಿ ಎಂದೋ ಬಂದಿದ್ದವು. ನೀಲಿಗೆ ದಶಕಗಳೇ ಬೇಕಾದವು. ಅಕಾಸಾಕಿ, ಅಮಾನೊ, ನಾಕಾಮುರಾ ಈ ಮೂವರಿಗೆ ಅದಕ್ಕಾಗಿ ಭೌತಶಾಸ್ತ್ರದ ನೊಬೆಲ್ ಬಂದಿದ್ದು 2014ರಲ್ಲಿ. ನನ್ನ ಗಾಡಿಯೂ 2014ರದ್ದು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮೂರು ಇಂಗ್ಲಿಷಿನಲ್ಲೂ ಬೆಲ್ಲಾರಿಯಿಂದ ಬಳ್ಳಾರಿ ಆಯಿತು. ಇದಕ್ಕೂ ಅದಕ್ಕೂ ಸಂಬಂಧ ಏನೂ ಇಲ್ಲ. ಹೇಳಬೇಕು ಅನ್ನಿಸಿತು.

ಅವ್ವನ ತಕರಾರು ಮುಗಿದಿರಲಿಲ್ಲ. ಇಂಗ್ಲಿಷ್ ಅಕ್ಷರ ಅಲ್ಲವೇನವ್ವ ಅಂದರೆ "ಯಾವ ಭಾಷೆ ಆದ್ರೇನು, ಅಕ್ಷರ ಅಕ್ಷರನೇ" ಅನ್ನುತ್ತಿದ್ದಳು. ಪುಸ್ತಕಕ್ಕೆ ಕಾಲು ತಾಗಿದರೆ ನಮಸ್ಕಾರ ಮಾಡಿಸಿ ಬೆಳೆಸಿದವಳಿಗೆ ನಾನು ಏನು ಹೇಳಲಿ? ಚಿಕ್ಕಂದಿನಲ್ಲಿ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಬಳಿದು ಎರಡು ಎಳೆ ರಂಗೋಲಿ ಹಾಕುವುದು ನನ್ನದೇ ಕೆಲಸ. ಹೊಸ್ತಿಲ ಮೇಲೆ ಕೂರಬಾರದು, ನಿಲ್ಲಬಾರದು, ಅಲ್ಲಿ ನಿಂತು ಏನನ್ನೂ ಕೊಡಬಾರದು, ಇಸಕೊಳ್ಳಬಾರದು. ಮುಸ್ಸಂಜೆಯಲ್ಲಂತೂ ಅದರ ಹತ್ತಿರವೂ ಸುಳಿಯಬಾರದು, ಹಿರಣ್ಯಕಶಿಪುವನ್ನು ನರಸಿಂಹ ಸೀಳಿದ್ದು ಅಲ್ಲೇ. ಪಕ್ಕದ ಮನೆಯ ತೆಲುಗಿನ ಅಜ್ಜಿ ಅದನ್ನು ಗಡಪ ಅನ್ನುತ್ತಿದ್ದಳು. ತಿರುಪತಿ ಬೆಟ್ಟಕ್ಕೆ ಹೊಸ್ತಿಲಿನ ಹಾಗೆ ಇರುವುದಕ್ಕೇ ಕಡಪ ಊರಿಗೆ ಆ ಹೆಸರು ಬಂತು ಅಂತ ಅವಳು ಹೇಳಿದ್ದು ನೆನಪಿದೆ. ಒಂದು ಊರೇ ಹೊಸ್ತಿಲಾದರೆ ಅಲ್ಲಿಯವರು ಎಲ್ಲಿ ಕಾಲಿಡುತ್ತಾರೆ ಅಂತ ನಾನು ಆಗ ಚಿಂತೆ ಮಾಡುತ್ತಿದ್ದೆ.

ಅಪ್ಪನಿಗೆ ಈ ಯಾವ ಮಡಿಯೂ ಇರಲಿಲ್ಲ. ಹೊಸ್ತಿಲು ಮಾಡುವವನು ಅದರ ಮೇಲೆ ಕೂತೇ ಕೆಲಸ ಮಾಡಬೇಕು. ಚೌಕಟ್ಟು ನಿಲ್ಲಿಸುವ ದಿನ ಪೂಜೆ, ಹೊಸ್ತಿಲ ಕೆಳಗೆ ನವರತ್ನದ ಪುಟ್ಟ ಪೊಟ್ಟಣ, ಬಡಗಿಗೆ ಪಂಚೆ ಟವೆಲ್ಲು, ಎಲೆ ಅಡಿಕೆ, ದಕ್ಷಿಣೆ. ಪೂಜೆ ಮುಗಿಯುವ ತನಕ ಅದು ಮರ. ಮುಗಿದ ಮೇಲೆ ಅವನೂ ದಾಟಿಯೇ ಹೋಗುತ್ತಿದ್ದ. ಹೊಸ್ತಿಲು ಎತ್ತರ ಇದ್ದರೆ ಚೇಳು ಬರಲ್ಲ, ಮಳೆ ನೀರು ಬರಲ್ಲ, ಧೂಳು ಅರ್ಧಕ್ಕರ್ಧ ಹೊರಗೇ ನಿಲ್ಲುತ್ತೆ, ದೇವರ ಲೆಕ್ಕ ಆಮೇಲೆ ಅನ್ನುತ್ತಿದ್ದ. ಈಗಿನ ಮನೆಗಳಲ್ಲಿ ಒಂದು ಗ್ರಾನೈಟ್ ಪಟ್ಟಿ ಮಲಗಿಸಿ ಹೊಸ್ತಿಲು ಅನ್ನುತ್ತಾರೆ ಅಂತ ಅವನಿಗೆ ಸಿಟ್ಟು. "ಎಡವೋಕೂ ಆಗಲ್ಲ, ಅದೆಂಥ ಹೊಸ್ತಿಲು?"

ಅಪ್ಪನಿಗೆ ಈಗ ಮಂಡಿ ನೋವು. ನನ್ನ ಗಾಡಿ ತಗ್ಗು, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಓಣಿಯ ಕತ್ತಲಲ್ಲಿ ಕಾಲು ಎಲ್ಲಿ ಎತ್ತಬೇಕು, ಎಲ್ಲಿ ಇಡಬೇಕು ಅನ್ನೋದು ಆ ಬೆಳಕಿನಿಂದ ಕಾಣುತ್ತದೆ ಅಂದವನು ಅವನೇ. ನಾನು ಶೋಕಿಗೆ ಹಾಕಿಸಿದ್ದಕ್ಕೆ ಅವನು ಒಂದು ಕೆಲಸ ಹುಡುಕಿಕೊಟ್ಟ. ಅವ್ವನ ಹಾಗೆ ದಾಟುವ ಗೊಡವೆಗೆ ಅವನು ಹೋಗಲಿಲ್ಲ. ಮೊದಲು ಊರುಗೋಲು ಪ್ಲೇಟಿನ ಮೇಲೆ ಊರುತ್ತಾನೆ. ಅದರ ಮೇಲೆ ಭಾರ ಬಿಟ್ಟು, ತಿರುಗಿ, ಕೂರುತ್ತಾನೆ. ಕೋಲಿನ ತುದಿಯ ರಬ್ಬರ್ ಸವೆದು ಒಳಗಿನ ಲೋಹ ಬಂದಿತ್ತು. ಬದಲಾಯಿಸೋಣ ಅಂದರೆ ನಾಳೆ ನಾಳೆ ಅನ್ನುತ್ತಿದ್ದ.

ಒಂದು ರಾತ್ರಿ ಬಾಗಿಲು ತೆಗೆದಾಗ ನೋಡಿದೆ. ಜಿಟಿಯ ಪಕ್ಕದಲ್ಲಿ ಇನ್ನೇನೋ ಬರೆದ ಹಾಗಿತ್ತು. ಕೋಲಿನ ಗೀರು. ಒಂದಲ್ಲ, ಇಪ್ಪತ್ತು ಮೂವತ್ತು. ಕೆಲವು ನೇರ, ಕೆಲವು ಅವನು ತಿರುಗುವಾಗ ಆದ ಅರ್ಧಚಂದ್ರ. ಹಗಲಲ್ಲಿ ಅವು ಕಾಣಿಸುವುದೇ ಇಲ್ಲ. ದೀಪ ಹೊತ್ತಿದರೆ ಲೇಸರಿನ ಅಕ್ಷರಕ್ಕೂ ಅವಕ್ಕೂ ವ್ಯತ್ಯಾಸವಿಲ್ಲ. ಬೆಳಕಿಗೆ ಎರಡೂ ಒಂದೇ. ನನಗೆ ನಿಜವಾಗಿ ಬೇಜಾರಾಯಿತು. ಮುಖ ನೋಡಿದವನೇ ಅಪ್ಪ ಬಗ್ಗಿ ಹೆಬ್ಬೆರಳಿಂದ ಪ್ಲೇಟನ್ನು ಸವರಿದ. ಮರ ಸವರುವ ಹಾಗೆ, ಎಳೆಯ ಉದ್ದಕ್ಕೂ. "ಇಷ್ಟೇನಾ? ತೆಗೀಬಹುದವ್ವ" ಅಂದ. ನಾನು ಹೂಂ ಅಂದೆ. ಏನು ತೆಗೆಯುತ್ತಾನೆ ಅಂತ ಕೇಳಲಿಲ್ಲ. ಅದು ನನ್ನ ತಪ್ಪು.

ಭಾನುವಾರ ಮಧ್ಯಾಹ್ನ ನಾನು ಒಗ್ಗರಣಿ ಮಿರ್ಚಿ ತಿಂದು ಮಲಗಿದ್ದೆ. ಹೊರಗೆ ಸರ್ ಸರ್ ಅಂತ ಸದ್ದು. ಇಪ್ಪತ್ತು ವರ್ಷ ಆ ಸದ್ದಿನಲ್ಲೇ ಮಲಗಿ ಎದ್ದವಳಿಗೆ ಎಚ್ಚರ ಆಗಲೇ ಇಲ್ಲ. ಎದ್ದು ಬಂದು ನೋಡಿದರೆ ಅಪ್ಪ ಸ್ಟೂಲ್ ಹಾಕಿಕೊಂಡು, ಎಡಗಡೆಯ ಬಾಗಿಲು ತೆಗೆದು, ಪ್ಲೇಟಿಗೆ ಪಾಲಿಶ್ ಪೇಪರ್ ಹಾಕಿ ತಿಕ್ಕಿ ಮುಗಿಸಿದ್ದ. ಮೊದಲು ಒರಟು ಪೇಪರ್, ಆಮೇಲೆ ಸಣ್ಣದು. ಚೂರು ಮರದ ತುಂಡಿಗೆ ಪೇಪರ್ ಸುತ್ತಿ, ಎಲ್ಲೂ ಹೆಚ್ಚು ಕಡಿಮೆ ಆಗದ ಹಾಗೆ. ಕೆಲಸ ಅಂದರೆ ಕೆಲಸ. ಪಾರದರ್ಶಕವಾಗಿದ್ದ ಅಕ್ರಿಲಿಕ್ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಕೋಲಿನ ಗೀರು ಒಂದೂ ಇರಲಿಲ್ಲ. ಯಾಕೆಂದರೆ ಈಗ ಇಡೀ ಪ್ಲೇಟೇ ಗೀರು.

ನಾನು ಬೈಯಲಿಲ್ಲ. ಸಂಜೆ ತನಕ ಮಾತಾಡಲಿಲ್ಲ, ಅಷ್ಟೇ.

ಕತ್ತಲಾದ ಮೇಲೆ ಅವ್ವನೇ ಬಂದು "ಆ ದೀಪ ಒಂದ್ಸಲ ಹಾಕು ನೋಡೋಣ" ಅಂದಳು. ಬಾಗಿಲು ತೆಗೆದೆ. ಹೊಸ್ತಿಲು ಪೂರ್ತಿ ಬೆಳಗಿತು, ಈ ತುದಿಯಿಂದ ಆ ತುದಿಗೆ, ಒಂದೇ ಸಮ, ಹಾಲು ಚೆಲ್ಲಿದ ಹಾಗೆ. ಜಿಟಿ ಎಲ್ಲಿ ಅಂತ ಬಗ್ಗಿ ಹುಡುಕಿದೆ. ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಅವ್ವ ಕನ್ನಡಕ ಸರಿ ಮಾಡಿಕೊಂಡು ಎರಡೆರಡು ಸಲ ನೋಡಿದಳು. ಅಕ್ಷರ ಇಲ್ಲ ಅಂತ ಖಾತ್ರಿಯಾದ ಮೇಲೆ ನೆರಿಗೆ ಎತ್ತಿಕೊಂಡು, ಪ್ಲೇಟಿಗೆ ಹಿಮ್ಮಡಿ ಊರಿ, ಆರಾಮಾಗಿ ಹತ್ತಿ ಕೂತಳು.

ಇನ್ನು ಮೂರು ಬಾಗಿಲು ಉಳಿದಿವೆ. ಅಪ್ಪ ಪಾಲಿಶ್ ಪೇಪರ್ ತರಲು ಹೇಳಿದ್ದಾನೆ.